ಒಂದೇ ಅಳತೆಯ ಏಳು ತಡಬೆ

ಸೊಟ್ಟಗಿರುವುದನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಯಾರದೋ ಮನೆಯ ಗೋಡೆಯಲ್ಲಿ ಕ್ಯಾಲೆಂಡರು ಒಂದು ಕಡೆ ವಾಲಿದ್ದರೆ, ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು ಎದ್ದುಹೋಗಿ ಅದನ್ನು ನೆಟ್ಟಗೆ ಮಾಡಿ ಬರುತ್ತಿದ್ದೆ. ನಾನು ಟೇಲರು. ಸವಳಂಗದಿಂದ ಮೂರು ಮೈಲಿ ಒಳಗಿದ್ದ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಹೊಲಿಗೆ ಮಿಷನ್ನು, ಅದು ನನ್ನದು. ಕೊರಳಿಗೆ ಟೇಪು ನೇತುಹಾಕಿಕೊಂಡು ಊರೊಳಗೆ ಓಡಾಡುವಾಗ ನನಗೆ ನಾನೇ ಏನೋ ದೊಡ್ಡ ಇಂಜಿನಿಯರು. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ನಾವೆಲ್ಲ ಹೊನ್ನಾಳಿ ತಾಲ್ಲೂಕಿನವರು. ಊರಿಂದ ಸವಳಂಗಕ್ಕೆ ಗಾಡಿದಾರಿ ಬಹಳ ಸುತ್ತು. ಹಾಗಾಗಿ ನಡೆದು ಹೋಗುವವರೆಲ್ಲ ಹೊಲಗಳ ನಡುವಿನ ಕಾಲುದಾರಿ ಹಿಡಿಯುತ್ತಿದ್ದರು. ಆ ದಾರಿ ಏಳು ಬೇಲಿಗಳನ್ನು ದಾಟುತ್ತಿತ್ತು. ಕತ್ತಾಳೆ, ಕಳ್ಳಿ, ಜಾಲಿಮುಳ್ಳಿನ ಬೇಲಿಗಳು. ಒಂದೊಂದು ಬೇಲಿಯಲ್ಲೂ ಒಂದೊಂದು ತಡಬೆ. ಎರಡು ಕಂಬ, ನಡುವೆ ಒಂದಾಳು ನುಸುಳುವಷ್ಟು ಜಾಗ, ಕೆಳಗೆ ಮೊಣಕಾಲೆತ್ತರಕ್ಕೆ ಒಂದು ಅಡ್ಡಪಟ್ಟಿ. ಮನುಷ್ಯರು ಕಾಲೆತ್ತಿ ದಾಟಬೇಕು, ದನಕರು ದಾಟಬಾರದು. ತಡಬೆಯ ಕೆಲಸ ಇಷ್ಟೇ.

ಅವು ಯಾವಾಗ ಹಾಕಿದವೋ ಯಾರಿಗೂ ಗೊತ್ತಿರಲಿಲ್ಲ. ಯಾರ ಹಿತ್ತಿಲಲ್ಲಿ ಏನು ಸಿಕ್ಕಿತೋ ಅದನ್ನು ತಂದು ನೆಟ್ಟಿದ್ದರು. ಒಂದು ಕಡೆ ಕವಲೊಡೆದ ಜಾಲಿಯ ಬೊಡ್ಡೆ. ಇನ್ನೊಂದು ಕಡೆ ಮುರಿದ ಗಾಡಿಯ ಅಚ್ಚು, ಅದರ ಕಬ್ಬಿಣದ ಬಳೆ ಹಾಗೇ ಇತ್ತು. ಮತ್ತೊಂದು ಯಾವುದೋ ಬಿದ್ದ ಮನೆಯ ಬಾಗಿಲ ಚೌಕಟ್ಟು, ಚಿಲಕದ ತೂತಿನ ಸಮೇತ. ಐದನೆಯ ಬೇಲಿಯ ಹೊಂಗೆಯ ಕಂಬವಂತೂ ಬೇರುಬಿಟ್ಟು ಚಿಗುರಿ, ಪ್ರತಿ ಯುಗಾದಿಗೆ ಎಲೆ ಬಿಡುತ್ತಿತ್ತು. ಕೆಲವು ಗೆದ್ದಲು ಹಿಡಿದು ಅಲ್ಲಾಡುತ್ತಿದ್ದವು. ಒಂದರಲ್ಲಿ ಮೊಳೆ ಎದ್ದು, ಹೆಂಗಸರ ಸೀರೆ ಸಿಕ್ಕಿಕೊಂಡು ಹರಿಯುತ್ತಿತ್ತು. ಹರಿದ ಸೀರೆಗಳು ರಿಪೇರಿಗೆ ಬರುತ್ತಿದ್ದದ್ದು ನನ್ನ ಹತ್ತಿರವೇ, ಆ ತಡಬೆಗಳ ಮೇಲೆ ನನ್ನ ಕಣ್ಣು ಬಿದ್ದದ್ದು ಹಾಗೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಬೇಸಾಯದವರಿಗೆ ಅವತ್ತು ಕೈ ಬಿಡುವು. ಆ ಬಿಡುವಿನಲ್ಲಿ ಅರಳಿಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ನಾಲ್ಕು ಜನರನ್ನು ನಾನು ಎಬ್ಬಿಸಿದೆ. ಸವಳಂಗದಲ್ಲಿ ಗಾರೆ ಮತ್ತು ಕಲ್ಲಿನ ಕೆಲಸ ಮಾಡುತ್ತಿದ್ದ ಸಾಬರೊಬ್ಬರು ಉಳಿ ಸುತ್ತಿಗೆ ಸಮೇತ ಬಂದು ಸೇರಿಕೊಂಡರು. ಯಾರೂ ಕರೆದು ಕೂಲಿ ಕೊಟ್ಟದ್ದಲ್ಲ. ಊರ ದಾರಿ, ಊರವರೇ ಮಾಡಿಕೊಳ್ಳಬೇಕು ಅಂತ ಎಲ್ಲರಿಗೂ ಹುರುಪು ಬಂದಿತ್ತು.

ಇನ್ನೊಬ್ಬರ ಬಗ್ಗೆ ಹೇಳಬೇಕು. ನನ್ನ ಮಾವ. ನನ್ನ ತಾಯಿಯ ಅಣ್ಣ. ಅವರ ಒಬ್ಬಳೇ ಮಗಳನ್ನು ನಾನು ಮದುವೆಯಾಗಿದ್ದೆ, ಹಾಗಾಗಿ ಎರಡು ಕಡೆಯಿಂದಲೂ ಮಾವ. ಹುಡುಗರಾಗಿದ್ದಾಗಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ದನ ಕಟ್ಟುವ ಕಣ್ಣಿ, ಮೂಗುದಾರ, ಬಾವಿಯ ಹಗ್ಗ. ಅವರು ಹೊಸೆದ ಹಗ್ಗ ಎಲ್ಲಿ ನೋಡಿದರೂ ಒಂದೇ ದಪ್ಪ. ವಾರಕ್ಕೊಮ್ಮೆ ಸಂತೆಯ ದಿನ ಹಗ್ಗದ ಹೊರೆಯನ್ನು ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು, ಆ ಕಾಲುದಾರಿಯಲ್ಲಿ ಒಬ್ಬರೇ ಸವಳಂಗಕ್ಕೆ ಹೋಗಿ ಒಬ್ಬರೇ ವಾಪಸು ಬರುತ್ತಿದ್ದರು. ಯಾರಾದರೂ ಜೊತೆಗೆ ಸಿಕ್ಕರೆ ಮಾತಾಡುತ್ತ ನಡೆಯುತ್ತಿದ್ದರೇ ಹೊರತು ಕೈ ಮಾತ್ರ ಕೊಡುತ್ತಿರಲಿಲ್ಲ.

"ಕೈ ಹಿಡ್ಸಿಕೊಂಡ್ರೆ ದಾರಿ ಮರ್ತು ಹೋಗ್ತೈತೆ ಕಣಪ್ಪಾ," ಅನ್ನುತ್ತಿದ್ದರು.

ಆ ಮಾತನ್ನು ನಾವೆಲ್ಲ ಮುದುಕರ ಹಟ ಅಂದುಕೊಂಡಿದ್ದೆವು. ಮಗಳ ಮನೆ ಪಕ್ಕದಲ್ಲೇ ಇದ್ದರೂ ಅವರು ತಮ್ಮ ಮನೆಯಲ್ಲೇ ಇದ್ದು, ತಾವೇ ನೀರು ಸೇದಿಕೊಂಡು, ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಒಬ್ಬರೇ ಓಡಾಡುವುದೊಂದು ತಪ್ಪಿದರೆ ಅವರಿಗೆ ಬೇರೆ ಬದುಕೇ ಇರಲಿಲ್ಲ. ಇದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಮೊದಲೆರಡು ಸೋಮವಾರ ಹಳೆಯ ತಡಬೆಗಳನ್ನೇ ರಿಪೇರಿ ಮಾಡಿದೆವು. ಮೊಳೆ ಬಡಿದೆವು, ಅಲ್ಲಾಡುವ ಕಡೆ ಕಲ್ಲು ಜಡಿದೆವು. ನನಗೆ ಸಮಾಧಾನವಾಗಲಿಲ್ಲ. ಒಂದು ಎತ್ತರ, ಒಂದು ಗಿಡ್ಡ, ಒಂದು ಸೊಟ್ಟ. ಹರಿದ ಅಂಗಿಗೆ ಬಣ್ಣಬಣ್ಣದ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಗುಡ್ಡದ ಕಲ್ಲುಕ್ವಾರಿಯಲ್ಲಿ ತುದಿ ಮುರಿದ ಕಂಬಗಳು ಬೇಡವೆಂದು ಬಿದ್ದಿದ್ದವು. ಏಳನ್ನೂ ಕಿತ್ತು ಕಲ್ಲಿನವೇ ಹಾಕೋಣ ಅಂದೆ. ಒಂದೇ ಎತ್ತರ, ಒಂದೇ ಅಗಲ, ಒಂದೇ ಅಡ್ಡಕಲ್ಲು. ಟೇಪು ಹಿಡಿದು ಊರಿನ ನಾಲ್ಕು ಜನರ ಸೊಂಟ ಅಳೆದೆ, ಒಂದು ಕರುವಿನ ಎದೆ ಅಳೆದೆ, ಲೆಕ್ಕ ಹಾಕಿ ಸಾಬರಿಗೆ ಸೀಮೆಸುಣ್ಣದಲ್ಲಿ ಬರೆದು ಕೊಟ್ಟೆ. ಅಡ್ಡಕಲ್ಲು ನೆಲದಿಂದ ಹದಿನೆಂಟು ಇಂಚು.

ಸಾಬರು ತಲೆ ಕೆರೆದುಕೊಂಡರು. "ಟೇಲರ್ರೇ, ಎಲ್ಲಾ ಒಂದೇ ನಮೂನಿ ಯಾಕ್ರೀ? ಗಟ್ಟಿ ಇರೋವು ಇರ್ಲಿ ಬಿಡ್ರಿ. ಆ ಹೊಂಗೆ ಕಂಬ ಇನ್ನೂ ಐವತ್ತು ವರ್ಷ ಬರ್ತೈತೆ."

"ಮಾಡಿದ್ಮೇಲೆ ನೋಡಿದವ್ರು ಇದು ಒಂದೇ ದಾರಿ ಅನ್ಬೇಕು ಸಾಬ್ರೇ. ಒಂದೊಂದು ಒಂದೊಂಥರ ಇದ್ರೆ ಏನ್ ಚೆಂದ?" ಅಂದೆ ನಾನು.

ಅವರು ಮತ್ತೆ ಕೇಳಲಿಲ್ಲ.

ಕಲ್ಲು ಸಾಗಿಸುವುದೇ ದೊಡ್ಡ ಪಾಡಾಯಿತು. ಸೋಮವಾರ ಗಾಡಿ ಹೂಡುವಂತಿಲ್ಲ, ಬೇರೆ ದಿನ ಯಾರಿಗೂ ಬಿಡುವಿಲ್ಲ. ಎತ್ತಿಗೆ ರಜೆ, ನಮ್ಮ ಹೆಗಲಿಗೆ ನೊಗ ಅಂತ ನಗುತ್ತಿದ್ದೆವು. ಕಂಬಕ್ಕೆ ಹಗ್ಗ ಬಿಗಿದು, ಬಿದಿರ ಗಳ ತೂರಿಸಿ, ಆರು ಜನ ಹೊರುತ್ತಿದ್ದೆವು. ಆ ಹಗ್ಗ ಮಾವನೇ ಹೊಸೆದು ಕೊಟ್ಟದ್ದು, ಮೂರು ಎಳೆಯದು, ನಾರು ನೆನೆಸಿ ಬಿಗಿಯಾಗಿ ಹುರಿಹಾಕಿದ್ದು. ಕೆಲಸ ಮುಗಿಯುವ ತನಕ ಒಂದು ಸಲವೂ ಅದು ತುಂಡಾಗಲಿಲ್ಲ. ನನ್ನ ಹೆಂಡತಿ ಮಧ್ಯಾಹ್ನ ರೊಟ್ಟಿ ಬುತ್ತಿ, ಮಜ್ಜಿಗೆ ತರುತ್ತಿದ್ದಳು. ನೆಟ್ಟ ಕಂಬಗಳನ್ನು ನೋಡಿ, "ಈ ಸಲ ಭಾಳ ಚೆನ್ನಾಗಿ ಮಾಡೀರಿ," ಅಂದಿದ್ದಳು. ಅವಳ ಬಾಯಿಂದ ಹೊಗಳಿಕೆ ಬರುವುದು ಅಪರೂಪ.

ಬೇಸಿಗೆ ಮುಗಿಯುವಷ್ಟರಲ್ಲಿ ಏಳೂ ನಿಂತವು. ಮೊದಲು ಮಾವನೇ ದಾಟಬೇಕು ಅಂತ ನಾವೇ ಅವರನ್ನು ಕರೆದುಕೊಂಡು ಹೋದೆವು. ಆ ದಾರಿಯಲ್ಲಿ ಅವರಷ್ಟು ನಡೆದವರು ಇನ್ನಾರಿದ್ದರು. ಅವರು ಯಾವಾಗಲೂ ಮಾಡುತ್ತಿದ್ದ ಹಾಗೆ ಬಲಗಡೆಯ ಕಂಬದ ತಲೆಯ ಮೇಲೆ ಅಂಗೈ ಇಟ್ಟು, ಒಂದು ಕ್ಷಣ ನಿಂತು, ಕಾಲೆತ್ತಿ ದಾಟಿದರು. ಎರಡನೆಯದನ್ನೂ ಹಾಗೇ. ಮೂರನೆಯದರ ಹತ್ತಿರ ಅಂಗೈಯನ್ನು ತುಂಬ ಹೊತ್ತು ಆಡಿಸಿದರು.

"ಇದು ಮೂರನೇದೇನು?"

"ಹೌದು ಮಾವ. ಎಣಿಸ್ಕಂತ ಬರ್ರಿ," ಅಂದೆ. ಎಲ್ಲರೂ ನಕ್ಕರು.

"ಎಣಿಸ್ತೀನಿ, ಎಣಿಸ್ತೀನಿ," ಅಂದರು. ಏಳೂ ದಾಟಿದ ಮೇಲೆ, "ನೆಲ ಬಿದ್ದುಹೋದ್ರೂ ಇವು ಬೀಳಲ್ಲ, ಅಷ್ಟು ಗಟ್ಟಿ ಅದಾವೆ," ಅಂದರು. ಆಮೇಲೆ ಕೇಳಿದರು: "ಹಳೇ ಕಂಬಗಳ್ನ ಏನು ಮಾಡಿದ್ರಿ?"

ಸೀಳಿ ಒಲೆಗೆ ಹಂಚಿಕೊಂಡೆವು ಅಂದೆ. ಅವರು ತಲೆಯಾಡಿಸಿದರು. ನಲ್ಲೂರಿನಿಂದ ನೆಂಟಸ್ತನಕ್ಕೆ ಬಂದಿದ್ದವರೊಬ್ಬರು ಅದೇ ವಾರ ಆ ದಾರಿಯಲ್ಲಿ ಬಂದು, ನಮ್ಮೂರಲ್ಲೂ ಹಿಂಗೆ ಮಾಡ್ಸಬೇಕು, ಅಳತೆ ಕೊಡ್ರಿ ಅಂತ ಕೇಳಿ ಬರೆಸಿಕೊಂಡು ಹೋದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಾವ ಕೇಳಿದ್ದನ್ನು ಮರೆತೇಬಿಟ್ಟೆ.

ಮಳೆಗಾಲ ಕಳೆದು ಜೋಳ ತೆನೆಗೆ ಬಂದಿತ್ತು. ಆ ಸಂತೆಯ ದಿನ ಏನಾಯಿತು ಎಂಬುದನ್ನು ಮಾವನೇ ಆಮೇಲೆ ತುಂಡುತುಂಡಾಗಿ ಹೇಳಿದರು. ಎಂದಿನಂತೆ ಹೊರಟಿದ್ದಾರೆ. ಎರಡನೆಯ ತಡಬೆ ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಆ ಹೊಲದವನು ಕೂಗಿದ್ದಾನೆ. ಅವನ ಹೋರಿಯ ಮೂಗುದಾರ ಹರಿದಿತ್ತು. ಮೂಗುದಾರ ಪೋಣಿಸುವುದರಲ್ಲಿ ಮಾವನ ಕೈಯಷ್ಟು ಹಗುರ ಯಾರದೂ ಇರಲಿಲ್ಲ. ಪೋಣಿಸಿ ಕೊಟ್ಟಿದ್ದಾರೆ. ಉಪಕಾರಕ್ಕೆ ಉಪಕಾರ ಎಂಬಂತೆ ಅವನು ಇವರನ್ನು ರೆಟ್ಟೆ ಹಿಡಿದು, ಬೇಡ ಅಂದರೂ ಬಿಡದೆ, ಹೊಲದ ಬದುವಿನಲ್ಲಿ ಸುತ್ತಿಸಿ, ಗಾಡಿ ಹೋಗಿಬರಲು ಬೇಲಿಯಲ್ಲಿ ಬಿಟ್ಟಿದ್ದ ಸಂದಿನಿಂದ ಆಚೆ ತಂದು ದಾರಿಗೆ ಬಿಟ್ಟು ಹೋಗಿದ್ದಾನೆ. ಬಿಟ್ಟದ್ದು ಎರಡನೆಯ ತಡಬೆಯ ಹಿಂದಕ್ಕೆ, ಊರಿನ ಕಡೆಗೆ. ಮಾವನಿಗೆ ಅದು ತಿಳಿಯಲಿಲ್ಲ. ಮುಂದೆ ನಡೆದಾಗ ಕೈಗೆ ಸಿಕ್ಕ ಕಂಬವನ್ನು ಮೂರನೆಯದು ಎಂದು ಎಣಿಸಿದರು. ಅದು ಮತ್ತೆ ಎರಡನೆಯದೇ ಆಗಿತ್ತು.

ಹಳೆಯ ಕಾಲವಾಗಿದ್ದರೆ ಅಂಗೈಯೇ ಹೇಳುತ್ತಿತ್ತು. ಮೂರನೆಯದಾದರೆ ಗಾಡಿಯಚ್ಚಿನ ಬಳೆ ತಣ್ಣಗೆ ತಾಗಬೇಕಿತ್ತು. ನಾಲ್ಕನೆಯದಾದರೆ ಚಿಲಕದ ತೂತಿಗೆ ಬೆರಳು ಹೋಗಬೇಕಿತ್ತು. ಐದನೆಯದರಲ್ಲಿ ಹೊಂಗೆಯ ಎಲೆ ಮುಖಕ್ಕೆ ಸವರಬೇಕಿತ್ತು. ಅಲ್ಲಿ ಎಡಕ್ಕೆ ತಿರುಗಿ ಇಳಿಜಾರಿನಲ್ಲಿ ಇಳಿದರೆ ಕೆರೆ ಏರಿ ಸಿಗುತ್ತದೆ. ನಾವು ಎಲ್ಲ ಕಡೆಯೂ ಒಂದೇ ಕಲ್ಲು ನೆಟ್ಟಿದ್ದೆವು, ಸಾಬರು ಅದನ್ನು ನುಣ್ಣಗೆ ಕೆತ್ತಿದ್ದರು. ಮಾವ ನಾಲ್ಕನೆಯದನ್ನು ಐದು ಎಂದು ಎಣಿಸಿ ದಾಟಿ, ಎಡಕ್ಕೆ ತಿರುಗಿ ಇಳಿದರು. ಅಲ್ಲೂ ಮೊದಲು ಇಳಿಜಾರೇ. ಆದರೆ ಆ ಇಳಿಜಾರು ರಸ್ತೆಗೆ ಗರಸು ತೆಗೆದು ಬಿಟ್ಟಿದ್ದ ಗುಂಡಿಯದು. ಎರಡಾಳು ಆಳ, ಕೆಳಗೆಲ್ಲ ಕಲ್ಲು.

ಆಡು ಮೇಯಿಸುವ ಹೆಂಗಸರು ನರಳಾಟ ಕೇಳಿ ಕೂಗಿಕೊಂಡರು. ನಾನು ಅಂಗಡಿಯಲ್ಲಿ ಯಾರದೋ ಜಂಪರಿಗೆ ಕೈ ಕೂರಿಸುತ್ತಿದ್ದೆ. ಸುದ್ದಿ ಬಂದಾಗ ಗುಂಡಿ ಎಂದ ಕೂಡಲೇ, ಯಾಕೋ ಏನೋ, ಮಾವ "ಇದು ಮೂರನೇದೇನು" ಅಂತ ಕೇಳಿದ್ದು ನೆನಪಾಯಿತು. ಓಡುವಾಗ ದಾರಿಯುದ್ದಕ್ಕೂ ನಾನೇ ನೆಟ್ಟ ಕಂಬಗಳನ್ನು ಒಂದೊಂದಾಗಿ ದಾಟಿದೆ. ಅವು ನನಗೂ ಒಂದೇ ಥರ ಕಂಡವು.

ಕಂಬಳಿಯಲ್ಲಿ ಜೋಲಿ ಕಟ್ಟಿ ಹೊತ್ತು ತಂದೆವು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಎರಡು ತಿಂಗಳು ಇದ್ದರು. ಈ ವಯಸ್ಸಿಗೆ ಇಷ್ಟು ಕೂಡಿಕೊಂಡದ್ದೇ ಹೆಚ್ಚು, ಮೊದಲಿನ ಹಾಗೆ ನಡೆಯಲಿಕ್ಕಾಗುವುದಿಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ವಾಪಸು ಬಂದ ಮೇಲೆ ನಮ್ಮ ಮನೆಯಲ್ಲೇ, ನನ್ನ ಮಿಷನ್ನಿನ ಪಕ್ಕದಲ್ಲೇ ಅವರ ಮಂಚ ಹಾಕಿದೆವು. ಅವರ ಮನೆಗೆ ಬೀಗ ಬಿತ್ತು.

ಆಸ್ಪತ್ರೆಯಿಂದ ಬಂದ ದಿನ ನನ್ನ ಹೆಂಡತಿ ಅಡಿಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು, ದನಿ ಎತ್ತರಿಸದೆ ಕೇಳಿದಳು. "ಊರೋರ ಸೊಂಟ ಎಲ್ಲಾ ಅಳೆದ್ರಲ್ಲ, ಕರೂನೂ ಅಳೆದ್ರಿ. ನಮ್ಮಪ್ಪ ಹೆಂಗೆ ನಡೀತಾನೆ ಅಂತ ಒಂದ್ಸಲನಾದ್ರೂ ಕೇಳಿದ್ರೇನು?"

ಅವಳೂ ಹೊಗಳಿದ್ದಳಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಆಮೇಲೆ ಬಹಳ ದಿನ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು.

ಮಾವ ಮಂಚದ ಮೇಲೆ ಕೂತೇ ಹಗ್ಗ ಹೊಸೆಯುತ್ತಿದ್ದರು. ಗೊಣಗಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಿತ್ತಿಲಿಗೆ ಹೋಗಬೇಕಾದರೆ ನಾನೋ ನನ್ನ ಹೆಂಡತಿಯೋ ಬೇಕು. ಆಗಲೂ ನಮ್ಮ ಹೆಗಲ ಮೇಲೆ ಭಾರ ಹಾಕುತ್ತಿದ್ದರೇ ಹೊರತು ಕೈ ಹಿಡಿಯಲು ಬಿಡುತ್ತಿರಲಿಲ್ಲ. ನಮಗೆ ತೊಂದರೆಯಾಗಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ ಎಂದು ನಮಗೆ ತಿಳಿದದ್ದು ಅವರಿಗೆ ಉರಿಮೂತ್ರ ಬಂದು ಜ್ವರದಲ್ಲಿ ಮಲಗಿದಾಗ. ಅವತ್ತು ನಾನು ಹಿತ್ತಿಲಿಗೆ ಹೋಗಿ ಅತ್ತೆ. ಟೇಪನ್ನು ಕೊರಳಿಗೆ ಹಾಕಿಕೊಳ್ಳುವುದನ್ನು ಆಮೇಲೆ ಬಿಟ್ಟೆ, ಕೆಲಸವಾದ ಕೂಡಲೇ ಡ್ರಾಯರಿನೊಳಗೆ ಇಡುತ್ತಿದ್ದೆ.

ಸೋಮವಾರದ ಗೆಳೆಯರು ಬಾಳೆಹಣ್ಣು ತಂದು ನೋಡಿಕೊಂಡು ಹೋದರು. ಯಾರ ಬಾಯಲ್ಲೂ ತಡಬೆ ಎಂಬ ಮಾತು ಬರಲಿಲ್ಲ. ಸಾಬರು ಮಾತ್ರ ಜಗಲಿಯ ಮೇಲೆ ನನ್ನ ಪಕ್ಕ ಕೂತು, "ನಾನು ಒಂದ್ಸಲ ಕೇಳಿದ್ದೆ ಟೇಲರ್ರೇ. ಇನ್ನೊಂದ್ಸಲ ಕೇಳ್ಬೇಕಿತ್ತು. ಕಲ್ಲು ಕೈಯಲ್ಲಿ ಹಿಡಿಯೋನು ನಾನು, ನನಗಾದ್ರೂ ಹೊಳೀಬೇಕಿತ್ತು. ನಂದೂ ತಪ್ಪೈತೆ," ಅಂದರು.

ಒಂದೂವರೆ ವರ್ಷ ಹೀಗೇ ಹೋಯಿತು. ಮಾವ ಎರಡು ಕೋಲು ಊರಿಕೊಂಡು ಅಂಗಳದವರೆಗೆ ಬರುವಷ್ಟಾದರು. ಆಗ ನನಗೊಂದು ಯೋಚನೆ ಬಂತು. ಕಂಬದ ತಲೆಯ ಮೇಲೆ, ಅವರು ಅಂಗೈ ಇಡುವಲ್ಲಿ, ಗೀರು ಕೊರೆದರೆ? ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಉಳಿ ಕೇಳಲು ಹೋದರೆ ಸಾಬರು ಕೊಡಲಿಲ್ಲ. "ನೀವು ಬಟ್ಟೆ ಕತ್ತರಿಸ್ರಿ, ಕಲ್ಲು ನನಗೆ ಬಿಡ್ರಿ," ಎಂದು ತಾವೇ ಎದ್ದು ಬಂದರು. ಒಂದು ಸೋಮವಾರ ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೇ ಬಿಸಿಲಲ್ಲಿ ಆ ದಾರಿಯುದ್ದಕ್ಕೂ ಕೂತು ಕೊರೆದೆವು. ಅವರು ಕೊರೆದರು, ನಾನು ಕಣ್ಣು ಮುಚ್ಚಿ ಸವರಿ ನೋಡಿದೆ. ಕಣ್ಣು ಮುಚ್ಚಿದಾಗ ಬೆರಳಿಗೆ ಎಷ್ಟೊಂದು ತಿಳಿಯುತ್ತದೆ ಎಂಬುದೇ ನನಗೆ ಅದುವರೆಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಹೊಸೆಯುತ್ತಿದ್ದ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅವತ್ತು ಮೂರನೇದರ ಹತ್ರನೇ ನನಗೆ ಗೊತ್ತಾಗಿತ್ತು ಅಳಿಯ," ಅಂದರು. "ಇದು ನನಗೆ ಆಗಲ್ಲ ಅಂತ. ಹೇಳಾಕೆ ಬಾಯಿಗೂ ಬಂದಿತ್ತು."

"ಹೇಳ್ಬಾರದಿತ್ತಾ ಮಾವ?"

"ಎಷ್ಟು ಖುಷಿಯಾಗಿದ್ರಿ ನೀವೆಲ್ಲ. ಅಷ್ಟು ದೂರದಿಂದ ಕಲ್ಲು ಹೊತ್ತೀರಿ. ಊರಿಗೆಲ್ಲ ಚೆನ್ನಾಗಿರೋದು ಒಬ್ಬ ಕುರುಡನಿಗೆ ಆಗಲ್ಲ ಅಂತ ಹೆಂಗೆ ಹೇಳ್ಲಿ? ನಾಚಿಕೆ ಆತು." ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, "ನನ್ನ ಕೇಳಿದ್ರೆ ಹೇಳ್ತಿದ್ದೆ," ಅಂದರು.

ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವರೇ, "ನಡಿ, ನೋಡಣ," ಅಂದರು. ಮೊದಲನೆಯ ತಡಬೆ ಇದ್ದದ್ದು ಊರ ಹೊರಗೆ, ಗಟ್ಟಿಯಾಗಿ ಕರೆದರೆ ಕೇಳುವಷ್ಟು ದೂರ. ಹೆಗಲನ್ನೂ ಬೇಡ ಅಂದರು. ಎರಡು ಕೋಲು ಊರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಹೊರಟರು. ನಾನು ಹಿಂದೆ, ನನ್ನ ಹೆಂಡತಿ ಅವಳ ಅಪ್ಪನಿಗೆ ಕೇಳಿಸದ ಹಾಗೆ ನನ್ನ ಹಿಂದೆ. ತಲುಪುವಷ್ಟರಲ್ಲಿ ಬಿಸಿಲೇರಿತ್ತು. ದಾರಿಯಲ್ಲಿ ಎದುರಾದವರೆಲ್ಲ ಪಕ್ಕಕ್ಕೆ ಸರಿದು ನಿಂತರು.

ಕಂಬದ ತಲೆಯ ಮೇಲೆ ಅಂಗೈ ಇಟ್ಟರು. ಬೆರಳಿಗೆ ಗೀರು ಸಿಕ್ಕಿತು. ಒಂದು ಸಲ, ಎರಡು ಸಲ ಸವರಿದರು. "ಒಂದು," ಅಂದರು. ಒಂದೂವರೆ ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. ಗೆದ್ದೆ ಅಂದುಕೊಂಡೆ.

ಆಮೇಲೆ ಕಾಲೆತ್ತಿದರು. ಅಡ್ಡಕಲ್ಲಿಗೆ ಪಾದ ಬಡಿಯಿತು. ಕೋಲುಗಳನ್ನು ಕಂಬಕ್ಕೆ ಒರಗಿಸಿ, ಎರಡೂ ಕಂಬ ಹಿಡಿದು ಮತ್ತೆ ಎತ್ತಿದರು. ಮುರಿದು ಕೂಡಿದ ಸೊಂಟ ಅಷ್ಟು ಎತ್ತರಕ್ಕೆ ಕಾಲನ್ನು ಬಿಡಲಿಲ್ಲ. ಎಡಗಾಲನ್ನು ಎತ್ತಿ ನೋಡಿದರು, ಆಗಲಿಲ್ಲ. ಕೈಯಿಂದ ಪಂಚೆ ಹಿಡಿದು ಬಲಗಾಲನ್ನು ತಾವೇ ಮೇಲಕ್ಕೆಳೆದರು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಹದಿನೆಂಟು ಇಂಚು ಎಂದು ಬರೆದು ಕೊಟ್ಟ ಕೈ ನನ್ನದು. ನನಗೆ ನಿಂತ ಜಾಗದಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವ, ಅಡ್ಡಕಲ್ಲು ಒಡ್ಸಿಬಿಡ್ತೀನಿ. ಇವತ್ತೇ ಸಾಬ್ರನ್ನ ಕರೀತೀನಿ," ಅಂದೆ.

"ಬ್ಯಾಡ. ದನ ನುಗ್ತಾವೆ. ಪೈರು ಹೋದ್ರೆ ಹೊಲದೋರು ಏನು ಮಾಡ್ಬೇಕು?"

ಅಷ್ಟು ಹೇಳಿ ಕಂಬಕ್ಕೆ ಎದೆಯೊರಗಿಸಿ ನಿಂತರು. ಬೇಲಿಯಾಚೆಯ ಹೊಲದಲ್ಲಿ ಯಾರೋ ಎತ್ತುಗಳನ್ನು ಗದರುತ್ತ ಕುಂಟೆ ಹೊಡೆಯುತ್ತಿದ್ದರು, ಮಾವ ಅದನ್ನು ಕೇಳಿಸಿಕೊಳ್ಳುತ್ತ ಬಹಳ ಹೊತ್ತು ಹಾಗೇ ಇದ್ದರು. ನಂತರ ನಿಧಾನವಾಗಿ ನನ್ನ ಕಡೆ ತಿರುಗಿ, ಬಲಗೈ ಚಾಚಿದರು.

"ಹಿಡ್ಕ ಅಳಿಯ," ಅಂದರು. "ಮನೆಗೆ ಕರ್ಕಂಡು ಹೋಗು."

ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ಆ ಕೈಯನ್ನು ನಾನು ಹಿಡಿದೆ. ಕೋಲುಗಳನ್ನು ನನ್ನ ಹೆಂಡತಿ ಎತ್ತಿಕೊಂಡಳು.